ಜಾಮೀನು ನಿಂತ ನರ್ಸಮ್ಮ

ಹನ್ನೆರಡು ಸಾವಿರ ರೂಪಾಯಿ ಸಾಲಕ್ಕೆ ನಾನು ಕಟ್ಟಿದ್ದು ಹತ್ತೊಂಬತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ. ಬ್ಯಾಂಕಿನ ಬಡ್ಡಿಯೂ ಅಡಿಕೆ ಮಂಡಿಯ ಬಡ್ಡಿಯೂ ನಡೆಯುವ ರೀತಿ ಒಂದೇ ಅಂತ ತಿಳಿದದ್ದಕ್ಕೆ ತೆತ್ತ ಬೆಲೆ ಅದು. ಅಷ್ಟು ನನ್ನ ಪಾಲಿನದು, ಅದರ ಬಗ್ಗೆ ನನಗೆ ದೊಡ್ಡ ದುಃಖವಿಲ್ಲ. ನನಗೆ ಜಾಮೀನು ನಿಂತವರು ತೆತ್ತದ್ದು ಬೇರೆ. ತೀರ್ಥಹಳ್ಳಿಯಲ್ಲಿ ಒಂದು ಮನೆ ಕಟ್ಟುವ ಜಾಗ. ಬರೆಯಬೇಕಾದದ್ದು ಅವರ ವಿಷಯ.

ಅವರು ಕೈಗಡಿಯಾರವನ್ನು ಮಣಿಕಟ್ಟಿನ ಒಳಮೈಗೆ ಕಟ್ಟುತ್ತಿದ್ದರು. ಗಂಟೆ ಎಷ್ಟೆಂದು ಕೇಳಿದರೆ, ಯಾರಿಗೋ ಏನೋ ಕೊಡುವವರ ಹಾಗೆ ಅಂಗೈ ಮೇಲೆ ಮಾಡಿ ತೋಳು ಚಾಚಿ ನೋಡಿ ಹೇಳುತ್ತಿದ್ದರು. ಹೊರಗೆ ಕಟ್ಟಿದರೆ ಹುಟ್ಟಿದ ಮಗುವನ್ನು ಎತ್ತುವಾಗ ಮೈಗೆ ತರಚುತ್ತದೆಯಂತೆ. ಹೊಸನಗರದ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದರು. ಉಡುಪಿ ಕಡೆಯವರು, ಮದುವೆ ಆಗಿರಲಿಲ್ಲ. ಊರಿಗೆಲ್ಲ ನರ್ಸಮ್ಮ. ನಮ್ಮ ಪಕ್ಕದ ಬಾಡಿಗೆ ಮನೆಯಲ್ಲಿದ್ದರು. ನನ್ನ ಮೊದಲ ಮಗಳನ್ನು ಹಿಡಿದೆತ್ತಿದ ಕೈ ಅವರದೇ.

ನಾನು ಯಾರು ಎಂಬುದನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಗೇಣಿ ಮಾಡುತ್ತಿದ್ದ ಮನೆಯವನು. ಸಾಗರದ ಒಂದು ಅಡಿಕೆ ಮಂಡಿಯಲ್ಲಿ ತೂಕದವನಾಗಿ ಕೆಲಸಕ್ಕೆ ಸೇರಿ, ಅಲ್ಲೇ ವ್ಯಾಪಾರ ಕಲಿತೆ. ಹಳೆ ಗೋಣಿಚೀಲ ಕೊಂಡು ಹೊಲಿಸಿ ಮಾರುವುದರಿಂದ ಶುರು ಮಾಡಿದೆ. ಹೇಳಿದ ಬೆಲೆಗೆ ಏನನ್ನೂ ಕೊಂಡವನಲ್ಲ. ಬಸ್ಸಿನ ಟಿಕೆಟ್ಟಿಗೂ ಇವರು ಚೌಕಾಸಿ ಮಾಡುತ್ತಾರೆ ಎಂದು ನನ್ನ ಹೆಂಡತಿ ತವರಿನಲ್ಲಿ ಹೇಳಿ ನಗಿಸುತ್ತಿದ್ದಳು.

ನರ್ಸಮ್ಮ ಇದಕ್ಕೆ ತದ್ವಿರುದ್ಧ. ಅವರು ಚೌಕಾಸಿ ಮಾಡುತ್ತಲೇ ಇರಲಿಲ್ಲ. ಕರಾವಳಿಯಿಂದ ಹುಲಿಕಲ್ ಘಾಟಿ ಹತ್ತಿಸಿಕೊಂಡು ತಂದ ಮೀನನ್ನು ಸೈಕಲ್ಲಿನವನು ಬೀದಿಯಲ್ಲಿ ಕೂಗುತ್ತಾ ಬಂದರೆ ಬುಟ್ಟಿಗೆ ಬಗ್ಗಿ ನೋಡುತ್ತಿದ್ದರು, ಬೆಲೆ ಕೇಳುತ್ತಿದ್ದರು, ಸರಿಯೆನಿಸಿದರೆ ಕೊಳ್ಳುತ್ತಿದ್ದರು, ಇಲ್ಲವಾದರೆ ತಟ್ಟೆ ಹಿಡಿದು ಒಳಗೆ ಹೋಗುತ್ತಿದ್ದರು. ನನಗೆ ಕಟ್ಟೆಯ ಮೇಲೆ ಕೂತು ಹೊಟ್ಟೆ ಉರಿಯುತ್ತಿತ್ತು.

"ಎರಡು ರೂಪಾಯಿ ಕಮ್ಮಿ ಕೇಳಿದ್ರೆ ಕೊಡ್ತಿದ್ದ ನರ್ಸಮ್ಮ" ಅಂದರೆ, "ಕೊಡ್ತಿದ್ದ ಅಂತಾದ್ರೆ ಮೊದಲೇ ಯಾಕೆ ಕಮ್ಮಿ ಹೇಳ್ಲಿಲ್ಲ ಮಾರಾಯ? ಸುಳ್ಳು ಬೆಲೆ ಹೇಳುವವನ ಹತ್ರ ನಂಗೆ ಮೀನು ಬೇಡ" ಅನ್ನುತ್ತಿದ್ದರು.

"ಹಂಗಂದ್ರೆ ನೀವು ಉಪವಾಸ ಸಾಯ್ತೀರಿ."

"ಆಯ್ತು, ಸತ್ತ ಮೇಲೆ ನೀನು ಹೊರು."

ಎಪ್ಪತ್ತೊಂಬತ್ತರಲ್ಲಿ ನಾನು ಹಿಟ್ಟಿನ ಗಿರಣಿ ಹಾಕಬೇಕೆಂದುಕೊಂಡೆ. ಬ್ಯಾಂಕುಗಳು ಸಣ್ಣ ಕಸುಬಿನವರಿಗೆ ಕರೆದು ಸಾಲ ಕೊಡುತ್ತಿದ್ದ ಕಾಲ. ಆಗಿನ ಮ್ಯಾನೇಜರ್ ಬಾಯಿತುಂಬ ಮಾತಾಡುವವರು, ಹನ್ನೆರಡೂವರೆ ಪರ್ಸೆಂಟ್ ಬಡ್ಡಿ, ಏಳು ವರ್ಷದ ಅವಧಿ ಎಂದರು. ಮಂಡಿಯಲ್ಲಿ ಹದಿನೆಂಟು ನೋಡಿದವನಿಗೆ ಅದು ಪುಕ್ಕಟೆ ಕೊಟ್ಟಂತೆ ಕಂಡಿತು. ಸರ್ಕಾರಿ ನೌಕರರೊಬ್ಬರ ಜಾಮೀನು ಬೇಕು ಅಂದರು. ನನಗೆ ಗೊತ್ತಿದ್ದ ಸರ್ಕಾರಿ ನೌಕರರು ಒಬ್ಬರೇ.

ಕೇಳಲು ಹೋದಾಗ ನರ್ಸಮ್ಮ ಸೀರೆಗೆ ಗಂಜಿ ಹಾಕುತ್ತಿದ್ದರು. ನಾನು ಪೀಠಿಕೆ ಹಾಕಲು ಶುರುಮಾಡಿದೆ. ಅವರು ಕೈ ಒರೆಸಿಕೊಂಡು, "ನೀನು ಇಷ್ಟು ಉದ್ದ ಮಾತಾಡಿದ್ರೆ ಎಂತದೋ ಕೇಳ್ಲಿಕ್ಕೆ ಬಂದದ್ದು. ಎಂತ ಹೇಳು" ಅಂದರು. ಹೇಳಿದೆ. "ಕಟ್ತೀಯಲ್ಲ?" ಅಂದರು. "ಕಟ್ತೀನಿ" ಅಂದೆ. ಮಾತು ಅಷ್ಟೇ.

ಬ್ಯಾಂಕಿನಲ್ಲಿ ಮಾತ್ರ ಅವರು ಕನ್ನಡಕ ಹಾಕಿಕೊಂಡು ಕಾಗದ ಪೂರ್ತಿ ಓದಿದರು. ಮ್ಯಾನೇಜರ್ ಪೆನ್ನು ಹಿಡಿದು ಕಾಯುತ್ತಾ ಕೂತರು.

"ಇವನು ಕಟ್ಟದಿದ್ರೆ ನನ್ನ ಹತ್ರ ವಸೂಲು ಮಾಡ್ತೀರಾ?" ಎಂದು ಕೇಳಿದರು ನರ್ಸಮ್ಮ.

"ಅದೆಲ್ಲ ಆಗಲ್ಲ ಸಿಸ್ಟರ್. ಬರೀ ಫಾರ್ಮಾಲಿಟಿ."

"ಆಗೂದಿಲ್ಲ ಅಂತಾದ್ರೆ ನನ್ನ ಸಹಿ ಯಾಕೆ ಬೇಕು?"

ಮ್ಯಾನೇಜರ್ ನಕ್ಕು ಪೆನ್ನು ಮುಂದೆ ಚಾಚಿದರು. ನರ್ಸಮ್ಮ ಸಹಿ ಹಾಕಿದರು. ಹೊರಗೆ ಬಂದ ಮೇಲೆ ನನಗೆ ಹೇಳಿದರು: "ಗೊತ್ತಿದ್ದೇ ಹಾಕಿದ್ದು. ನಾಳೆ ನೀನು, ಪಾಪ ನರ್ಸಮ್ಮನಿಗೆ ಎಂತ ಗೊತ್ತಿರ್ಲಿಲ್ಲ ಅಂತ ಊರಲ್ಲಿ ಹೇಳ್ಬಾರದು."

ಇನ್ನು ನನ್ನ ತಿಳಿವಳಿಕೆಯ ವಿಷಯ. ನಮ್ಮ ಕಡೆಯವರಲ್ಲದವರಿಗೆ ಇದು ಅರ್ಥವಾಗಬೇಕಾದರೆ ಮಂಡಿಯ ವಾಡಿಕೆ ಗೊತ್ತಿರಬೇಕು. ಅಡಿಕೆ ಬೆಳೆಯುವವರು ಬೇಕಾದಾಗ ಮಂಡಿಯಿಂದ ಮುಂಗಡ ತರುತ್ತಾರೆ, ಕೊಯ್ಲು ಮುಗಿದ ಮೇಲೆ ಅಡಿಕೆ ತಂದು ಹಾಕುತ್ತಾರೆ. ನಡುವೆ ಯಾರೂ ತಿಂಗಳು ತಿಂಗಳು ಕಟ್ಟುವುದಿಲ್ಲ. ಹಾಗೆ ಚಿಲ್ಲರೆ ತಂದುಕೊಟ್ಟರೆ ಸಾಹುಕಾರರಿಗೇ ಅನುಮಾನ, ಏನಪ್ಪ ಇವನು ಲೆಕ್ಕ ಚುಕ್ತಾ ಮಾಡಿ ಬೇರೆ ಮಂಡಿಗೆ ಹೋಗುತ್ತಾನಾ ಎಂದು. ಮರ್ಯಾದಸ್ಥ ವರ್ಷಕ್ಕೊಮ್ಮೆ ಬಂದು ಗಾದಿಯ ಮೇಲೆ ಕೂತು, ಕಾಫಿ ಕುಡಿದು, ಒಟ್ಟು ಲೆಕ್ಕ ಮುಗಿಸುತ್ತಾನೆ. ಕೊನೆಯಲ್ಲಿ ಸಾಹುಕಾರರು ಬಡ್ಡಿಯಲ್ಲಿ ಒಂದಿಷ್ಟು ಬಿಡುತ್ತಾರೆ. ಎಷ್ಟು ಬಿಟ್ಟರು ಎಂಬುದು ಆ ಮನೆಯವರ ಮರ್ಯಾದೆ. ಹತ್ತು ವರ್ಷ ಇದನ್ನೇ ನೋಡಿ ಬೆಳೆದವನು ನಾನು. ಸಾಲ ಅಂದರೆ ಹೀಗೆ ಎಂದು ತಿಳಿದಿದ್ದೆ.

ಗಿರಣಿಯ ಯಂತ್ರ ಬಂತು, ಕರೆಂಟು ಬರಲಿಲ್ಲ. ಕಂಬ ಹಾಕಿಸಿ, ತಂತಿ ಎಳೆಸಿ, ಮೀಟರ್ ಕೂರಿಸುವಷ್ಟರಲ್ಲಿ ವರ್ಷ ಉರುಳಿತ್ತು. ಆದರೂ ಮಾರ್ಚ್ ತಿಂಗಳು ಬಂದ ಕೂಡಲೇ ಗೋಣಿಚೀಲದ ವ್ಯಾಪಾರದ ದುಡ್ಡಿನಲ್ಲಿ ಎರಡು ಸಾವಿರದ ಆರುನೂರು ಒಟ್ಟಿಗೆ ತೆಗೆದುಕೊಂಡು ಹೋಗಿ ಕಟ್ಟಿದೆ. ತಿಂಗಳ ಕಂತನ್ನು ಹನ್ನೆರಡರಿಂದ ಗುಣಿಸಿದರೆ ಬರುವ ಮೊತ್ತ ಅದು. ಒಂದು ಪೈಸೆ ಕಡಿಮೆ ಇಲ್ಲ. ಮರು ವರ್ಷವೂ ಹಾಗೇ, ಅದರ ಮರು ವರ್ಷವೂ ಹಾಗೇ. ನೋಟಿನ ಕಟ್ಟನ್ನು ಕೌಂಟರಿನ ಮೇಲೆ ಇಡುವಾಗ ಎದೆ ಉಬ್ಬುತ್ತಿತ್ತು. ನಡುವೆ ಬ್ಯಾಂಕಿನಿಂದ ಇಂಗ್ಲಿಷಿನಲ್ಲಿ ಕಾಗದಗಳು ಬರುತ್ತಿದ್ದವು. ದುಡ್ಡು ಕಟ್ಟಿದವನಿಗೆ ಬ್ಯಾಂಕಿನವರು ಇನ್ನೇನು ಬರೆಯುತ್ತಾರೆ ಎಂದು ಗೋಡೆಯ ತಂತಿಗೆ ಚುಚ್ಚಿ ಇಟ್ಟೆ.

ಎಂಬತ್ತಮೂರರ ಸಂಕ್ರಾಂತಿ ಕಳೆದಿತ್ತು. ಗಿರಣಿ ಚೆನ್ನಾಗಿ ನಡೆಯುತ್ತಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಅನ್ನ ಬಡಿಸಿ, ಸಾರು ಹಾಕದೆ ಸೌಟು ಹಿಡಿದು ನಿಂತಳು.

"ನರ್ಸಮ್ಮ ಬ್ಯಾಂಕಿಂದ ಬರಿಗೈಲಿ ಬಂದ್ರಂತೆ. ನಿಮ್ಮ ಸಾಲಕ್ಕೆ ಅವರ ದುಡ್ಡು ಹಿಡ್ಕಂಡಿದ್ದಾರಂತೆ."

"ಯಾರು ಹೇಳಿದ್ರು?"

"ಬ್ಯಾಂಕಿನ ಜವಾನನ ಹೆಂಡ್ತಿ. ಬೆಳಿಗ್ಗೆ ಹಿಟ್ಟು ಬೀಸಿಸಕ್ಕೆ ಬಂದಿದ್ಲು. ಇಡೀ ಊರಿಗೆ ಗೊತ್ತಿದೆ. ಊರಿಗೆಲ್ಲ ಬುದ್ಧಿ ಹೇಳೋ ನಿಮಗೊಬ್ರಿಗೆ ಗೊತ್ತಿಲ್ಲ."

ನರ್ಸಮ್ಮನಿಗೆ ಒಬ್ಬ ತಂಗಿ ಇದ್ದರು, ತೀರ್ಥಹಳ್ಳಿಯಲ್ಲಿ ಶಾಲೆಯ ಟೀಚರ್. ಗಂಡ ತೀರಿಕೊಂಡಿದ್ದರು. ನರ್ಸಮ್ಮ ನಿವೃತ್ತರಾದ ಮೇಲೆ ಅಕ್ಕ ತಂಗಿ ಒಟ್ಟಿಗಿರುವುದೆಂದು ಮಾತಾಗಿತ್ತು. ತಂಗಿಯ ಶಾಲೆಗೆ ನಡೆದು ಹೋಗುವಷ್ಟು ದೂರದಲ್ಲಿ ಒಂದು ಜಾಗ ಸಿಕ್ಕಿತ್ತು, ಮುಂಗಡ ಕೊಟ್ಟಿದ್ದರು. ಉಳಿದದ್ದಕ್ಕೆ ನಮ್ಮೂರಿನ ಅದೇ ಬ್ಯಾಂಕಿನಲ್ಲಿ ವರ್ಷಗಳಿಂದ ಕೂಡಿಟ್ಟ ಒಂಬತ್ತು ಸಾವಿರದ ಠೇವಣಿ. ಅವಧಿ ಮುಗಿದು ತೆಗೆಯಲು ಹೋದರೆ, ನೀವು ಜಾಮೀನು ಹಾಕಿದ ಸಾಲ ಸುಸ್ತಿಯಾಗಿದೆ, ಕಂತು ಬಾಕಿ ಬಿದ್ದಿದೆ, ಅದು ತೀರುವ ತನಕ ಠೇವಣಿ ಕೊಡುವಂತಿಲ್ಲ ಎಂದು ಹೊಸ ಮ್ಯಾನೇಜರ್ ಹೇಳಿ ಕಳಿಸಿದ್ದರು.

ನಾನು ಕೈ ತೊಳೆದು ಪಕ್ಕದ ಮನೆಗೆ ಹೋದೆ.

"ನನಗೆ ಯಾಕೆ ಹೇಳ್ಲಿಲ್ಲ ನರ್ಸಮ್ಮ?"

"ಹೇಳಿ ಎಂತ ಮಾಡುದು? ನೀನು ನಿದ್ದೆ ಬಿಡ್ತಿ. ಇಬ್ಬರೂ ನಿದ್ದೆ ಬಿಟ್ರೆ ಬ್ಯಾಂಕಿಗೆ ಎಂತ ನಷ್ಟ?"

"ಆ ಜಾಗ?"

"ಯುಗಾದಿ ತನಕ ಕಾಯ್ತೇನೆ ಅಂದಿದ್ದಾರೆ ಅವರು. ಪಾಪ, ಅವರಿಗೂ ದುಡ್ಡಿನ ಅವಸರ ಉಂಟು."

ಆವತ್ತೇ ಬ್ಯಾಂಕಿಗೆ ಹೋದೆ. ಹೋಗುವ ಮೊದಲು ಲೆಕ್ಕ ಹಾಕಿಕೊಂಡಿದ್ದೆ. ಮೂರು ಸಲ ಕಟ್ಟಿದ್ದು ಏಳು ಸಾವಿರದ ಎಂಟುನೂರು. ಹನ್ನೆರಡೂವರೆ ಬಡ್ಡಿಯನ್ನು ಮಂಡಿಯ ಹಾಗೆ ವರ್ಷಕ್ಕೊಮ್ಮೆ ಹಾಕಿದರೆ ಬಾಕಿ ಒಂಬತ್ತು ಸಾವಿರದ ಆಸುಪಾಸು. ಎಂಟೂವರೆಗೆ ಇಳಿಸಬಹುದು ಎಂದು ಮನಸ್ಸಿನಲ್ಲಿತ್ತು. ಹೊಸ ಮ್ಯಾನೇಜರ್ ಬಯಲುಸೀಮೆಯವರು, ಮಾತು ಕಡಿಮೆ. ದಪ್ಪ ಪುಸ್ತಕ ತೆರೆದು ಬೆರಳಿಟ್ಟು, "ಹನ್ನೊಂದು ಸಾವಿರದ ಏಳುನೂರು ಚಿಲ್ಲರೆ" ಎಂದರು.

ನಾನು ನಕ್ಕೆ. ಚೌಕಾಸಿಯಲ್ಲಿ ಮೊದಲ ಬೆಲೆ ಕೇಳಿದಾಗ ನಗುವುದು ನನ್ನ ಅಭ್ಯಾಸ. ಅವರು ನಗಲಿಲ್ಲ.

"ಸಾರ್, ಮೂರು ವರ್ಷ ಒಂದು ಕಂತೂ ತಪ್ಪಿಸಿಲ್ಲ ನಾನು."

"ಮೂರು ವರ್ಷದಲ್ಲಿ ನೀವು ಸರಿಯಾಗಿ ಕಟ್ಟಿರೋದು ಮೂರು ತಿಂಗಳು ಮಾತ್ರ ಕಣ್ರೀ. ಕಂತು ತಿಂಗಳಿಗೊಂದು. ಏಪ್ರಿಲ್ ಕಂತನ್ನ ಮಾರ್ಚಲ್ಲಿ ತಂದು ಕೊಟ್ರೆ ಹನ್ನೊಂದು ತಿಂಗಳು ಸುಸ್ತಿ. ಸುಸ್ತಿಗೆ ಎರಡು ಪರ್ಸೆಂಟ್ ಜಾಸ್ತಿ. ಮಧ್ಯ ಬಡ್ಡಿ ದರ ಕೂಡ ಏರಿದೆ, ಕಾಗದ ಕಳಿಸಿದ್ವಲ್ಲ. ಮೂರು ತಿಂಗಳಿಗೊಂದು ಸಲ ಬಡ್ಡಿ ಅಸಲಿಗೆ ಸೇರುತ್ತೆ. ಆಮೇಲೆ ಇನ್ಶೂರೆನ್ಸು. ನೀವು ಕಟ್ಟಿದ ದುಡ್ಡು ಮೊದಲು ಅದಕ್ಕೆಲ್ಲ ಹೋಗಿ, ಉಳಿದದ್ದು ಅಸಲಿಗೆ."

ಅಂದರೆ ಯಂತ್ರ ಕರೆಂಟಿಲ್ಲದೆ ಧೂಳು ತಿನ್ನುತ್ತಿದ್ದ ವರ್ಷಕ್ಕೂ ಸುಸ್ತಿ ಬಡ್ಡಿ. ಅದೂ ತಪ್ಪಿದ ಕಂತಿನ ಮೇಲಲ್ಲ, ಇಡೀ ಬಾಕಿಯ ಮೇಲೆ. ನಾನು ಸೋಲಲಿಲ್ಲ. ಒಂಬತ್ತು ಸಾವಿರ ಈಗಲೇ ಕೊಡುತ್ತೇನೆ, ಲೆಕ್ಕ ಮುಗಿಸಿ ಅಂದೆ. ಒಂಬತ್ತೂವರೆ ಅಂದೆ. ಅವರು ಪುಸ್ತಕ ಮುಚ್ಚಿದರು.

"ಇದು ಮಂಡಿ ಅಲ್ಲ. ಇಲ್ಲಿ ಬಿಡೋಕೆ ನಾನು ಸಾಹುಕಾರ ಅಲ್ಲ."

ನನ್ನ ಜನ್ಮದಲ್ಲಿ ಮೊದಲ ಸಲ, ಎದುರಿಗೆ ಕೂತವನಿಗೆ ಬೆಲೆ ಇಳಿಸುವ ಅಧಿಕಾರವೇ ಇಲ್ಲದ ಅಂಗಡಿಯಲ್ಲಿ ಕೂತಿದ್ದೆ. ಅವರು ಕೆಟ್ಟವರಾಗಿರಲಿಲ್ಲ. ಕೆಟ್ಟವರಾಗಿದ್ದರೆ ನನಗೆ ಏನಾದರೂ ದಾರಿ ಇರುತ್ತಿತ್ತು.

ಸಾಗರಕ್ಕೆ ಹೋಗಿ ಹಳೆ ಸಾಹುಕಾರರನ್ನು ಕೇಳಿ ಪೂರ್ತಿ ಕಟ್ಟಿಬಿಡುತ್ತೇನೆ, ನಿಮ್ಮ ಠೇವಣಿ ಬಿಡಿಸುತ್ತೇನೆ ಎಂದು ನರ್ಸಮ್ಮನಿಗೆ ಹೇಳಿದೆ. ಅವರು ಮೊದಲು ಲೆಕ್ಕವನ್ನೆಲ್ಲ ಕೇಳಿಸಿಕೊಂಡರು. ಕರೆಂಟಿಲ್ಲದ ವರ್ಷದ ಮಾತು ಬಂದಾಗ, "ಅದಕ್ಕೂ ಹಾಕಿದ್ದಾರಾ?" ಎಂದು ಎರಡು ಸಲ ಕೇಳಿದರು.

"ಹಾಕಿದ್ದಾರೆ. ಹೋಗ್ಲಿ ಬಿಡಿ ನರ್ಸಮ್ಮ. ಯುಗಾದಿ ಹತ್ರ ಬಂತು."

"ಬೇಡ ಮಾರಾಯ. ಅದು ಸರಿಯಾದ ಬಡ್ಡಿ ಅಲ್ಲ. ಸರಿಯಲ್ಲದ್ದನ್ನು ಕಟ್ಟಿ ನಂಗೆ ಜಾಗ ಕೊಡಿಸ್ಬೇಡ. ಎಲ್ಲ ಬರೆದು ಕೊಡ್ಲಿ ಅವರು."

"ಬರೆದ್ರೆ ಕಮ್ಮಿ ಆಗ್ತದಾ?"

"ಡಾಕ್ಟ್ರು ಬಾಯಲ್ಲಿ ಹೇಳಿದ ಔಷಧ ನಾನು ಯಾವತ್ತೂ ಕೊಟ್ಟದ್ದಿಲ್ಲ. ಬರೀರಿ ಅಂತೇನೆ. ಕೆಲವು ಸಲ ಬರೀಲಿಕ್ಕೆ ಪೆನ್ನು ತೆಗೆದವರು ನಿಂತು ಯೋಚನೆ ಮಾಡ್ತಾರೆ. ಔಷಧವೇ ಬದಲಾಗ್ತದೆ."

ಮರುದಿನದಿಂದ ನರ್ಸಮ್ಮ ಡ್ಯೂಟಿ ಮುಗಿಸಿ ಬಿಳಿ ಸೀರೆಯಲ್ಲೇ ಬ್ಯಾಂಕಿಗೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಪಕ್ಕದಲ್ಲಿ ನಾನು. ನಾನು ಬಾಯಿ ತೆರೆದರೆ ಮೊಣಕೈಯಲ್ಲಿ ತಿವಿಯುತ್ತಿದ್ದರು. ಕೇಳುತ್ತಿದ್ದದ್ದು ಒಂದೇ: ಯಾವ ತಿಂಗಳಿಗೆ ಯಾವ ಬಡ್ಡಿ ಹಾಕಿದ್ದೀರಿ, ನನ್ನ ಠೇವಣಿ ಯಾಕೆ ಹಿಡಿದಿದ್ದೀರಿ, ಎರಡನ್ನೂ ಬರೆದು ಕೊಡಿ.

"ಸಿಸ್ಟರ್, ಹೇಳಿದ್ನಲ್ಲ" ಎನ್ನುತ್ತಿದ್ದರು ಮ್ಯಾನೇಜರ್.

"ಹೌದು, ಚಂದ ಮಾಡಿ ಹೇಳಿದ್ದೀರಿ. ನಂಗೆ ಮರೆವು. ಬರೆದು ಕೊಡಿ."

ನಾಳೆ ಬನ್ನಿ, ಗುಮಾಸ್ತರು ರಜ, ಆಡಿಟ್ ಇದೆ. ಎಲ್ಲದಕ್ಕೂ "ಆಯ್ತು" ಅನ್ನುವುದು, ಮರುದಿನ ಮತ್ತೆ ಬಂದು ಕೂರುವುದು. ಆ ಬ್ಯಾಂಕಿನಲ್ಲಿ ಅವರ ಕೈಯಿಂದ ಸೂಜಿ ಚುಚ್ಚಿಸಿಕೊಳ್ಳದವರು ಮ್ಯಾನೇಜರ್ ಒಬ್ಬರೇ ಇರಬೇಕು. ದುಡ್ಡು ಕಟ್ಟಲು ಬಂದವರೆಲ್ಲ, "ನರ್ಸಮ್ಮ, ಇಲ್ಲೆಂತಕ್ಕೆ ಕೂತೀರಿ?" ಎಂದು ಕೇಳುತ್ತಿದ್ದರು. ಅವರು ಮ್ಯಾನೇಜರ್ ಮೇಲೆ ಒಂದು ಮಾತೂ ದೂರುತ್ತಿರಲಿಲ್ಲ. "ಒಂದು ಕಾಗದ ಬರೀಲಿಕ್ಕೆ ಉಂಟು ಇವರಿಗೆ, ಪುರುಸೊತ್ತಿಲ್ಲ" ಅನ್ನುತ್ತಿದ್ದರು. ಕ್ಯಾಷಿಯರ್ ತಲೆ ತಗ್ಗಿಸಿ ನೋಟು ಎಣಿಸುತ್ತಿದ್ದ. ಅವನ ಹೆಂಡತಿಯ ಹೆರಿಗೆ ತಿಂಗಳ ಹಿಂದಷ್ಟೇ ಆಗಿತ್ತು.

ಕೊನೆಗೆ ಕಾಗದ ಬಂತು. ನಾನು ಆಸೆಯಿಂದ ಓದಿಸಿದೆ. ಅದರಲ್ಲಿ ಹೊಸದೇನೂ ಇರಲಿಲ್ಲ, ಮ್ಯಾನೇಜರ್ ಬಾಯಲ್ಲಿ ಹೇಳಿದ್ದೇ ಇತ್ತು. ಆದರೆ ಯಂತ್ರಕ್ಕೆ ಕರೆಂಟು ಬಾರದ ತಿಂಗಳುಗಳಿಗೂ ಸುಸ್ತಿ ಬಡ್ಡಿ ಎಂದು ಸಾಲು ಸಾಲಾಗಿ, ಸಹಿ, ಮೊಹರು ಹಾಕಿ ಬರೆದಿರುವುದನ್ನು ನೋಡಿದರೆ, ಬಾಯಲ್ಲಿ ಹೇಳಿದಾಗ ನಿಯಮದ ಮಾತೆನಿಸಿದ್ದು ಈಗ ನಾಚಿಕೆಗೇಡೆನಿಸುತ್ತಿತ್ತು. ಅದಕ್ಕೆ ನಮ್ಮದೊಂದು ಅರ್ಜಿ, ಕರೆಂಟು ಬಂದ ತಾರೀಖು ತೋರಿಸುವ ಕರೆಂಟು ಇಲಾಖೆಯ ಪತ್ರ ಸೇರಿಸಿ ಶಿವಮೊಗ್ಗದಲ್ಲಿದ್ದ ಬ್ಯಾಂಕಿನ ಮೇಲಿನ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆವು. ಬಯ್ಯಬೇಕೆಂದು ನನಗೆ ಆಸೆಯಿತ್ತು. ನರ್ಸಮ್ಮ ಒಂದು ವಿಶೇಷಣವನ್ನೂ ಹಾಕಲು ಬಿಡಲಿಲ್ಲ.

ಯುಗಾದಿ ಬಂತು, ಉತ್ತರ ಬರಲಿಲ್ಲ. ಜಾಗದವರು ಇನ್ನೂ ಕೆಲವು ದಿನ ಕಾದರು, ಆಮೇಲೆ ಮುಂಗಡವನ್ನು ಪೂರ್ತಿ ವಾಪಸು ಕೊಟ್ಟು ಬೇರೆಯವರಿಗೆ ಮಾರಿದರು. ಅವರ ಮೇಲೆ ಯಾರೂ ಬೆರಳು ತೋರಿಸುವಂತಿಲ್ಲ.

ನಡುವೆ ಒಮ್ಮೆ ನರ್ಸಮ್ಮನಿಗೆ ತಿಳಿಸದೆ ಸಾಗರದ ಬಸ್ಸು ಹತ್ತಲು ಹೋಗಿದ್ದೆ. ಬಸ್ ಸ್ಟ್ಯಾಂಡಿನ ತನಕ ಹೋಗಿ ವಾಪಸು ಬಂದೆ. ಬೇಡ ಅಂದದ್ದು ಅವರು, ನಿಜ. ಅವರ ಮಾತು ಮೀರಬಾರದೆಂದು ವಾಪಸು ಬಂದೆನೋ, ಸಾವಿರ ಚಿಲ್ಲರೆ ಉಳಿಯಬಹುದೆಂಬ ಆಸೆಗೆ ಬಂದೆನೋ, ಈಗಲೂ ನನಗೆ ಖಚಿತವಾಗಿ ಹೇಳಲಾಗುವುದಿಲ್ಲ. ಚೌಕಾಸಿ ರೂಢಿಯಾದವನಿಗೆ ಅವೆರಡನ್ನೂ ಬೇರೆ ಮಾಡುವುದು ಕಷ್ಟ.

ಮಳೆ ಹಿಡಿಯುವ ಹೊತ್ತಿಗೆ ಶಿವಮೊಗ್ಗದಿಂದ ಉತ್ತರ ಬಂತು. ಇದೊಂದನ್ನು ವಿಶೇಷವೆಂದು ಪರಿಗಣಿಸಿ ಸುಸ್ತಿ ಬಡ್ಡಿ ಬಿಡಲಾಗಿದೆ, ಉಳಿದದ್ದು ಕಟ್ಟತಕ್ಕದ್ದು. ಸಾವಿರದ ಇನ್ನೂರು ಚಿಲ್ಲರೆ ಕಡಿಮೆಯಾಯಿತು. ಕಾಗದ ಓಡಾಡಿದ ತಿಂಗಳುಗಳಿಗೆ ಮತ್ತೆ ಬಡ್ಡಿ ಸೇರಿತ್ತು. ಉಳಿದ ದುಡ್ಡಿಗೆ ನಾನು ಸಾಗರಕ್ಕೆ ಹೋದೆ. ಸಾಹುಕಾರರು ಗಾದಿಗೆ ಒರಗಿ, ಎಲೆಗೆ ಸುಣ್ಣ ಹಚ್ಚುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಬ್ಯಾಂಕಿನವ್ರು ಭಾರಿ ಅಗ್ಗ ಅಂತಿದ್ಯಲ್ಲೋ. ಏನಾಯ್ತು, ಅಂಗಡಿ ಮುಚ್ಚಿದ್ರಾ?"

"ನಿಮ್ಮ ಕಾಫಿ ನೆನಪಾಯ್ತು ಸಾಹುಕಾರ್ರೇ."

"ಹದಿನೆಂಟು ಪರ್ಸೆಂಟಿನ ಕಾಫಿ ಅದು. ನೆನಪಿರ್ಲಿ."

ಆದರೂ ದುಡ್ಡು ಕೊಟ್ಟರು. ಬ್ಯಾಂಕಿನ ಲೆಕ್ಕ ಮುಗಿಸಿ, ಸಾಹುಕಾರರದನ್ನು ಎರಡು ವರ್ಷದಲ್ಲಿ ತೀರಿಸಿದೆ, ಕೊನೆಗೆ ನೂರೈವತ್ತು ಬಿಟ್ಟರು ಕೂಡ. ಇದನ್ನು ನರ್ಸಮ್ಮನಿಗೆ ಹೇಳಿ, ನೋಡಿ, ಮಂಡಿಯೇ ವಾಸಿ, ಮನುಷ್ಯತ್ವ ಇದೆ ಎಂದೆ. ಅವರು ಒಪ್ಪಲಿಲ್ಲ.

"ನಿನ್ನ ಮುಖ ನೋಡಿ ಬಿಟ್ಟ. ನಿನ್ನ ಅಪ್ಪನಿಗೆ ಬಿಡ್ತಿದ್ನಾ?"

ನನ್ನಪ್ಪ ಗೇಣಿದಾರ. ಅಡಿಕೆ ಇಲ್ಲದವನು. ಮಂಡಿಯ ಗಾದಿಯ ಮೇಲೆ ಯಾವತ್ತೂ ಕೂತವನಲ್ಲ, ಜಗಲಿಯ ಕೆಳಗೆ ನಿಂತು ಮಾತಾಡಿಸಿಕೊಂಡು ಬಂದವನು. ನರ್ಸಮ್ಮನೇ ಮುಂದುವರಿಸಿದರು:

"ಬ್ಯಾಂಕಿನವರಿಗೆ ಮುಖ ಕಾಣುದಿಲ್ಲ. ಅದು ಕೆಟ್ಟದೂ ಹೌದು, ಒಳ್ಳೇದೂ ಹೌದು. ನಾವು ಬರೆದದ್ದು ಶಿವಮೊಗ್ಗದಲ್ಲಿ ಓದಿದವನಿಗೆ ನನ್ನ ಮುಖವೂ ಗೊತ್ತಿಲ್ಲ, ನಿನ್ನದೂ ಗೊತ್ತಿಲ್ಲ. ಆದ್ರೂ ಬಿಟ್ಟ ಅಲ್ವಾ?"

ಅವರ ಮಾತು ಪೂರ್ತಿ ಸರಿಯೋ ಗೊತ್ತಿಲ್ಲ. ಆದರೆ ಆ ಉತ್ತರದ ನಕಲು ಮಾಡಿಕೊಂಡು ನಮ್ಮೂರಿನ ಇನ್ನೂ ನಾಲ್ಕೈದು ಜನ, ಪಂಪ್‌ಸೆಟ್ಟಿನವರು, ಹೊಲಿಗೆ ಯಂತ್ರದವರು, ತಮ್ಮ ಸುಸ್ತಿ ಬಡ್ಡಿ ಬಿಡಿಸಿಕೊಂಡದ್ದು ಮಾತ್ರ ನಿಜ. ಅದರಲ್ಲೊಬ್ಬ ನರ್ಸಮ್ಮನಿಗೆ ಬಾಳೆಗೊನೆ ತಂದುಕೊಟ್ಟ. ನನ್ನಿಂದಾದ ಉಪಕಾರ ಎಂದು ನಾನೂ ಅರ್ಧ ಗೊನೆ ತೆಗೆದುಕೊಂಡೆ.

ನಗುತ್ತಾ ಬರೆದೆ, ಆದರೆ ತೀರ್ಥಹಳ್ಳಿಯಲ್ಲಿ ನಗು ಬರಲಿಲ್ಲ. ಠೇವಣಿ ಕೈಗೆ ಬಂದ ಮೇಲೆ ಬೇರೆ ಜಾಗ ಹುಡುಕಿಕೊಡುತ್ತೇನೆಂದು ನಾನೇ ಮುಂದೆ ಬಿದ್ದು ನರ್ಸಮ್ಮನ ಜೊತೆ ಹೋದೆ. ತಂಗಿಯ ಮನೆಯಲ್ಲಿ ಕೂತಿದ್ದೆ. ಟೀಚರ್ ಕಾಫಿ ತಂದಿಟ್ಟು ಬಹಳ ಮರ್ಯಾದೆಯಿಂದ ಕೇಳಿದರು:

"ನಿಮ್ಮ ಗಿರಣಿ ಚೆನ್ನಾಗಿ ನಡೀತಾ ಉಂಟಾ?"

"ಪರವಾಗಿಲ್ಲ ಟೀಚರ್."

"ನಡೀಬೇಕು. ಅಕ್ಕ ಅದಕ್ಕೆ ತುಂಬಾ ಹಾಕಿದ್ದಾರೆ."

ಕಾಫಿ ಬಿಸಿ ಇತ್ತು, ಕುಡಿದುಬಿಟ್ಟೆ. ನಾಲಗೆ ಸುಟ್ಟಿತು. ನರ್ಸಮ್ಮ ತಂಗಿಯ ಕಡೆ ನೋಡಿ, "ಸಾಕು" ಎಂದಷ್ಟೇ ಹೇಳಿದರು.

ಬೆಲೆ ಏರಿಬಿಟ್ಟಿತ್ತು. ಆ ದುಡ್ಡಿಗೆ ಸಿಗುತ್ತಿದ್ದದ್ದು ಊರಾಚೆ, ಬಾವಿ ತೋಡಿದರೂ ನೀರಿನ ಭರವಸೆಯಿಲ್ಲದ ಕಡೆ. ನಾನು ಗೊತ್ತಿರುವ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಒಂದು ಜಾಗಕ್ಕೆ ಎರಡು ಸಾವಿರ ನಾನು ಸೇರಿಸುತ್ತೇನೆ ಎಂದೆ. ನರ್ಸಮ್ಮ ಕೇಳಲೇ ಇಲ್ಲ. "ಬ್ಯಾಂಕಿಗೆ ಕಟ್ಟಿದ್ದು ಸಾಕು ಮಾರಾಯ, ನಂಗೂ ಕಂತು ಕಟ್ಬೇಡ" ಅಂದರು. "ನಾನು ನಿಂಗೆ ಸಾಲ ಕೊಟ್ಟದ್ದಲ್ಲ. ಜಾಮೀನು ನಿಂತದ್ದು. ನಿಂತವರಿಗೆ ಕಾಲು ನೋವಾಗ್ತದೆ, ಅಷ್ಟೇ."

ನಿವೃತ್ತರಾದ ಮೇಲೆ ಅಕ್ಕ ತಂಗಿ ತೀರ್ಥಹಳ್ಳಿ ಪೇಟೆಯಲ್ಲಿ ಒಂದು ಅಂಗಡಿಯ ಮೇಲಿನ ಬಾಡಿಗೆ ಮನೆಯಲ್ಲಿದ್ದರು. ಕಡಿದಾದ ಮರದ ಮೆಟ್ಟಿಲು. ನರ್ಸಮ್ಮನಿಗೆ ಮಂಡಿನೋವು ಶುರುವಾದ ಮೇಲೆ ಕೆಳಗೆ ಇಳಿಯುವುದೇ ಕಡಿಮೆಯಾಯಿತು. ಕಿಟಕಿಯ ಹತ್ತಿರ ಕೂತು, ಬೀದಿಯಲ್ಲಿ ಹೋಗುವ ಬಸುರಿಯರನ್ನು ಮೇಲಿನಿಂದಲೇ ಕರೆದು ತಿಂಗಳೆಷ್ಟು, ಕಾಲು ಬಾತಿದೆಯಾ, ಮಾತ್ರೆ ನುಂಗುತ್ತಿದ್ದೀಯಾ ಎಂದು ವಿಚಾರಿಸುತ್ತಿದ್ದರು. ನಾನು ವ್ಯಾಪಾರಕ್ಕೆಂದು ಆ ಕಡೆ ಹೋದಾಗಲೆಲ್ಲ ಹಿಟ್ಟು ತೆಗೆದುಕೊಂಡು ಹೋಗುತ್ತಿದ್ದೆ. ಗೋಧಿಯ ದುಡ್ಡು, ಬೀಸಿದ ಕೂಲಿ, ಎರಡನ್ನೂ ಎಣಿಸಿ ಕೈಗಿಡುತ್ತಿದ್ದರು. ಬೇಡವೆಂದರೆ ಹಿಟ್ಟು ವಾಪಸು. ಅವರ ಹತ್ತಿರ ನನ್ನ ಯಾವ ವಿದ್ಯೆಯೂ ನಡೆಯಲಿಲ್ಲ.

ಆ ಮನೆಯಲ್ಲಿ ಅವರು ಬದುಕಿದ್ದು ನಾಲ್ಕು ವರ್ಷ. ಎದೆನೋವೆಂದು ಆಸ್ಪತ್ರೆಗೆ ಸೇರಿಸಬೇಕಾದಾಗ, ಆ ಮೆಟ್ಟಿಲಿನಲ್ಲಿ ಅವರನ್ನು ಕುರ್ಚಿ ಸಮೇತ ಇಳಿಸಲು ಕೆಳಗಿನ ಅಂಗಡಿಯವರು ಬಹಳ ಹೊತ್ತು ಪಟ್ಟ ಪಾಡನ್ನು ಟೀಚರ್ ನನಗೆ ಹೇಳಿದರು. ನಾನು ಸುದ್ದಿ ತಿಳಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೆಳಗಿನ ಮನೆಯಾಗಿದ್ದರೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಮೆಟ್ಟಿಲನ್ನು ಇಳಿಯುವಾಗ ನಾನು ಪಕ್ಕದ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ತಿಂಗಳು ಕಳೆದು ಟೀಚರ್ ಒಂದು ದಿನ ಹೊಸನಗರಕ್ಕೇ ಬಂದರು. ಗಿರಣಿಯ ಮುಂದೆ ನಿಂತು, ಸದ್ದಿನಲ್ಲಿ ಕೇಳಿಸುವಂತೆ ಸ್ವಲ್ಪ ಜೋರಾಗಿಯೇ ಹೇಳಿದರು: "ಅಕ್ಕ ಬಿಟ್ಟುಹೋದ ದುಡ್ಡು ಕೈಗೆ ಬಂದಿದೆ. ಎಲ್ಲಿ ಇಡುದು ಅಂತ ನಂಗೆ ಗೊತ್ತಾಗುದಿಲ್ಲ. ನಿಮ್ಮನ್ನು ಕೇಳು ಅಂತ ಅಕ್ಕ ಮೊದಲೇ ಹೇಳಿದ್ದರು." ನಾನು ಮೋಟಾರು ನಿಲ್ಲಿಸಿದೆ. ಪೋಸ್ಟಾಫೀಸಿಗೆ ಕರೆದುಕೊಂಡು ಹೋಗಿ, ಅವರ ಒಬ್ಬರ ಹೆಸರಿನಲ್ಲೇ ಇಡಿಸಿ, ಯಾರು ಕೇಳಿದರೂ ಯಾವ ಕಾಗದಕ್ಕೂ ಸಹಿ ಹಾಕಬೇಡಿ ಎಂದು ಹೇಳಿ, ನಾನು ಕೇಳಿದರೂ ಎಂದು ಸೇರಿಸಿ, ಬಸ್ಸು ಹತ್ತಿಸಿ ಬಂದೆ.

ಈಗ ಬ್ಯಾಂಕುಗಳು ಬದಲಾಗಿವೆ, ಬಡ್ಡಿಗೆ ಹೊಸ ಹೊಸ ಹೆಸರು ಬಂದಿವೆ, ಸಾಲವನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗಬಹುದು. ಆದರೆ ಕಟ್ಟಿದ ದುಡ್ಡು ಮೊದಲು ದಂಡಕ್ಕೆ, ಆಮೇಲೆ ಬಡ್ಡಿಗೆ, ಕೊನೆಗೆ ಅಸಲಿಗೆ ಹೋಗುವುದು ಇವತ್ತಿಗೂ ಹಾಗೇ ಇದೆ. ಹಾಗಾಗಿ ಕೇಳದಿದ್ದರೂ ಹೇಳುತ್ತೇನೆ. ಸುಗ್ಗಿಗೆ ಒಟ್ಟಿಗೆ ಕಟ್ಟುವ ದೊಡ್ಡಸ್ತಿಕೆ ಬೇಡ, ಕೈಯಲ್ಲಿ ಇದ್ದಷ್ಟನ್ನು ತಿಂಗಳ ತಾರೀಖಿಗೆ ಹಾಕಿ. ಗೊತ್ತಿಲ್ಲದ ಭಾಷೆಯ ಕಾಗದ ಬಂದರೆ ಅವತ್ತೇ ಯಾರ ಹತ್ತಿರವಾದರೂ ಓದಿಸಿ. ಬಡ್ಡಿ ಅನ್ಯಾಯ ಅನಿಸಿದರೆ ಕೂಗಾಡಬೇಡಿ, ಬರೆದು ಕೊಡಿ ಅನ್ನಿ, ಕೊಡುವ ತನಕ ಹೋಗುತ್ತಾ ಇರಿ. ಅದಕ್ಕೆಲ್ಲ ಮೊದಲು, ಜಾಮೀನು ಕೇಳಲು ಒಬ್ಬರ ಮನೆಗೆ ಹೋಗುತ್ತೀರಲ್ಲ, ಆಗ ಅವರನ್ನು ಒಂದು ಮಾತು ಕೇಳಿ: ಅದೇ ಬ್ಯಾಂಕಿನಲ್ಲಿ ನಿಮ್ಮ ದುಡ್ಡೇನಾದರೂ ಇದೆಯಾ? ಇದೆ ಅಂದರೆ, ಬಂದ ವಿಷಯ ಹೇಳಬೇಡಿ. ಅವರು ಕೊಟ್ಟ ಕಾಫಿ ಕುಡಿದು, ಕ್ಷೇಮ ಸಮಾಚಾರ ಮಾತಾಡಿ ಎದ್ದು ಬನ್ನಿ. ಬೇರೆ ಬ್ಯಾಂಕು ಹುಡುಕಿಕೊಳ್ಳಿ.